ಅಡುಗೆಮನೆಯ ಸಾರ್ವಭೌಮತ್ವ

ಕಾನೂನು ಕಾಲೇಜಿನ ಆ ಪ್ರೊಫೆಸರಿಗೆ ಅಪ್ಪ, ಅಮ್ಮ ಎರಡೂ ಅಕ್ಕನೇ. ಒಂದು ವಿದೇಶಿ ರಾಯಭಾರ ಕಚೇರಿಯ ಅಡುಗೆಮನೆಯಲ್ಲಿ ಮೈಮುರಿದು ದುಡಿದು ಅವನನ್ನು ಓದಿಸಿದವಳು ಅವಳು. ಮದುವೆಯ ಮಾತು ಬಂದಾಗಲೆಲ್ಲ "ನಾನು ಹೋದ್ರೆ ರಾಯಭಾರಿಗೆ ಊಟ ಹಾಕೋರ್ಯಾರು?" ಎಂದು ತೇಲಿಸಿಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಅಲ್ಲಿನ ಹಳೆಯ ಬಾಯ್ಲರಿನ ಮುಚ್ಚಳ ಹಾರಿ ಅವಳ ಬಲಗೈ ಮೊಣಕೈವರೆಗೂ ಬೆಂದುಹೋಯಿತು. ಅದು ಸರಿಯಿಲ್ಲವೆಂದು ಅವಳು ಮೇಲಿನವರಿಗೆ ಬಾಯಿ ನೋಯುವಷ್ಟು ಹೇಳಿದ್ದಳು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಕೆಲಸವೂ ಹೋಗಿತ್ತು. ಬೆರಳುಗಳು ಮಡಚುತ್ತಿರಲಿಲ್ಲ.

"ಪುಟ್ಟಾ, ಕೇಸು ಹಾಕೋಣ್ವಾ? ನೀನಿರೋವಾಗ ನಂಗೇನು ಭಯ," ಎಂದಳು.

ಪ್ರೊಫೆಸರಿಗೆ ತಾನು ಹಿಂದೆ ಬರೆದ ಲೇಖನ ನೆನಪಾಯಿತು. ಒಂದು ದೇಶವನ್ನು ಇನ್ನೊಂದು ದೇಶದ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ ಎಂಬುದು ಹಳೆಯ ನಿಯಮ. ಆದರೆ ದೇಶವೊಂದು ಆಳು ಇಟ್ಟುಕೊಂಡಾಗ, ಸಾಮಾನು ಕೊಂಡಾಗ, ಅದೂ ಬೇರೆ ಯಜಮಾನರಂತೆ ಒಬ್ಬ ಖಾಸಗಿ ಯಜಮಾನನೇ. ಅಲ್ಲಿ ಈ ರಕ್ಷಣೆ ಸಲ್ಲದು ಎಂದು ಹಲವು ವಿದ್ವಾಂಸರು ವಾದಿಸುತ್ತಿದ್ದರು. ಅವರನ್ನು ಹಣಿದೇ ಇವನು ಹೆಸರು ಮಾಡಿದ್ದ. ರಾಯಭಾರ ಕಚೇರಿಯ ಗೋಡೆಯೊಳಗೆ ಖಾಸಗಿ ಎಂಬುದೇ ಇಲ್ಲ, ಅಲ್ಲಿ ಒಲೆ ಹಚ್ಚುವುದೂ ಸಾರ್ವಭೌಮ ರಾಷ್ಟ್ರದ ಕೆಲಸವೇ ಎಂದು ಅವನ ಲೇಖನ ಹೇಳುತ್ತಿತ್ತು. ಎಲ್ಲರ ಬಾಯಲ್ಲೂ ಓಡಾಡುತ್ತಿದ್ದ ಸಾಲು ಅದು.

ಇದನ್ನೆಲ್ಲ ಅವನು ಅಕ್ಕನ ಮುಂದೆ ಬಾಯಿಬಿಡಲಿಲ್ಲ. "ಹಾಕೋಣ ಅಕ್ಕ," ಎಂದ.

ವಿಚಾರಣೆಯ ದಿನ ಎದುರು ಪಕ್ಷಕ್ಕೆ ನಿಂತಿದ್ದ ವಕೀಲ ಅವನ ಹಳೆಯ ವಿದ್ಯಾರ್ಥಿಯೇ. ಬಹಳ ವಿನಯದಿಂದ ಆ ಸಾಲನ್ನು ಎತ್ತಿ ಓದಿದ. ನ್ಯಾಯಾಧೀಶರು ಕನ್ನಡಕ ಸರಿಸಿ, ಅಕ್ಕನ ಪಕ್ಕದಲ್ಲಿ ಕೂತಿದ್ದವನನ್ನು ನೋಡಿದರು.

"ಬರೆದವರು ಇಲ್ಲೇ ಇದ್ದಾರಲ್ಲ. ಪ್ರೊಫೆಸರೇ, ಈಗಲೂ ನಿಮ್ಮ ಅಭಿಪ್ರಾಯ ಇದೇನಾ?"

ಹಿಂದಿನ ಬೆಂಚುಗಳಲ್ಲಿ ಸಹೋದ್ಯೋಗಿಗಳಿದ್ದರು. ಅವನ ವಾದವನ್ನು ಹತ್ತಾರು ಸಭೆಗಳಲ್ಲಿ ವಿರೋಧಿಸಿದ್ದ ಹಿರಿಯ ಪ್ರಾಧ್ಯಾಪಕರೂ ಇದ್ದರು. ಅವರ ತುಟಿಯಂಚಿನಲ್ಲಿ ಸಣ್ಣ ನಗು ಕಂಡಿತು. ಅದು ಅವನನ್ನು ಚುಚ್ಚಿತು.

"ತಾತ್ವಿಕವಾಗಿ ಹೌದು ಸ್ವಾಮಿ. ಆದರೆ ಈ ಪ್ರಕರಣದಲ್ಲಿ..."

"ಸಾಕು, ಕೂತ್ಕೊಳ್ಳಿ," ಎಂದರು ನ್ಯಾಯಾಧೀಶರು.

ಕೇಸು ಅಲ್ಲಿಗೇ ವಜಾ ಆಯಿತು. ಬಾಯ್ಲರಿನ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಹೊರಗೆ ವರಾಂಡದಲ್ಲಿ ವಕೀಲ ಓಡಿಬಂದು, "ಎಲ್ಲಾ ನೀವು ಕಲಿಸಿದ್ದೇ ಸರ್," ಎಂದು ಕೈಕುಲುಕಿ ಹೋದ.

ಅಕ್ಕ ಮೆಟ್ಟಿಲ ಮೇಲೆ ನಿಂತಳು. "ಆ ಒಲೆ ಮಾತು ಬರೆಯೋವಾಗ ನನ್ನ ನೆನಪು ಬಂತಾ?"

"ಬಂತು ಅಕ್ಕ. ನಿನ್ನ ನೆನೆಸ್ಕೊಂಡೇ ಬರೆದೆ."

ಅವಳು ಸೆರಗಿನಿಂದ ಬಲಗೈ ಮುಚ್ಚಿಕೊಂಡು ಒಬ್ಬಳೇ ಬಸ್ಸು ಹತ್ತಿದಳು.

ತೀರ್ಪಿನಲ್ಲಿ ಅವನ ಲೇಖನದ ಪ್ರಸ್ತಾಪವಿದ್ದುದರಿಂದ ಎಲ್ಲೆಲ್ಲಿಂದಲೋ ಭಾಷಣಕ್ಕೆ ಕರೆ ಬಂದವು. ಅವನು ಒಂದಕ್ಕೂ ಹೋಗಲಿಲ್ಲ. ತಿಂಗಳುಗಟ್ಟಲೆ ಕೂತು, ತನ್ನ ವಾದವೇ ತಪ್ಪು ಎಂದು ಹೊಸ ಲೇಖನ ಬರೆದ. ಇಂಥ ಎದೆಗಾರಿಕೆ ಅಪರೂಪ ಎಂದು ವಿದ್ವತ್ ಲೋಕ ಕೊಂಡಾಡಿತು. ಹಳೆಯ ವಾದ ಸರಿಯೋ ಹೊಸದು ಸರಿಯೋ ಎಂದು ವಿಚಾರಸಂಕಿರಣವೂ ಆಯಿತು. ಅದಕ್ಕೆ ಅಧ್ಯಕ್ಷತೆ ಅದೇ ಹಿರಿಯ ಪ್ರಾಧ್ಯಾಪಕರದು.

ಅಚ್ಚಾದ ಲೇಖನ ಹಿಡಿದು ಅವನು ಅಕ್ಕನನ್ನು ಹುಡುಕಿಕೊಂಡು ಹೋದ. ಅವಳು ಒಂದು ಹಾಸ್ಟೆಲಿನ ಹಿಂಭಾಗದಲ್ಲಿ ಕೂತು ಎಡಗೈಯಲ್ಲಿ ಸೊಪ್ಪು ಸೋಸುತ್ತಿದ್ದಳು.

"ಅಕ್ಕ, ನಾನು ಬರೆದದ್ದು ತಪ್ಪು ಅಂತ ಇದರಲ್ಲಿ ಒಪ್ಕೊಂಡಿದ್ದೀನಿ."

"ಹಾಗಾದ್ರೆ ನನ್ನ ಕೇಸು ಮತ್ತೆ ತೆಗೀತಾರಾ?"

"ಇಲ್ಲ. ಅದು ಮುಗಿದುಹೋಯ್ತು. ಆದ್ರೆ ಮುಂದೆ ಬರೋರಿಗೆ..."

"ಒಳ್ಳೇದು. ಅಲ್ಲಿಡಿ."

ಹುಟ್ಟಿದಾಗಿನಿಂದ ಅವಳು ಅವನಿಗೆ ಬಹುವಚನ ಬಳಸಿದವಳಲ್ಲ. ತಮಾಷೆಯೇನೋ ಎಂದು ಮುಖ ನೋಡಿದ. ಅಲ್ಲಿ ಸಿಟ್ಟೂ ಇರಲಿಲ್ಲ.

"ಕಾಫಿ ಕುಡಿದು ಹೋಗ್ತೀರಾ?" ಎಂದು ಕೇಳಿದಳು.

ಬೇಡ ಎಂದ. ಅವಳು ಒತ್ತಾಯ ಮಾಡಲಿಲ್ಲ.