ಬೆಟ್ಟದ ಗಾಳಿ ತಿರುಗುವ ಮೊದಲು

ದಾರ ಗುಂಯ್‌ಗುಡುತ್ತಿದೆ, ತೋರುಬೆರಳಿನ ಗೆಣ್ಣಿನಿಂದ ಮೊಣಕೈಗೆ, ಮೊಣಕೈಯಿಂದ ಹಲ್ಲಿಗೆ, ಹಲ್ಲು ಕಚ್ಚಿ ನಿಂತರೂ ಆ ಗುಂಯ್ ಅನ್ನುವುದು ನಿಲ್ಲುವುದಿಲ್ಲ — ಅಣ್ಣನ ಗಾಳಿಪಟವೇ ಹಾಗೆ, ನೆತ್ತಿಯ ಮೇಲೆ ಬಿಗಿದ ಆ ತೆಳು ಕಾಗದದ ಪಟ್ಟಿಗೆ ಗಾಳಿ ತಾಗಿದರೆ ಸಾಕು, ದುಂಬಿಯ ಹಿಂಡೇ ಎದ್ದಂತೆ, ಇದು ಒರೆಲುಸನ ಪಟ ಎಂದು ಈ ಊರಿನ ಕುರುಡನೂ ಹೇಳಿಯಾನು, ಹೇಳಲಿ ಬಿಡಲಿ, ಒಬ್ಬನ ಕಿವಿಗೆ ಬಿದ್ದರೆ ಸಾಕು, ಕೆಳಗೆ ಕೋಟೆಯ ಅಂಗಳದಲ್ಲಿ ಮಣಿಕಟ್ಟಿಗೆ ಹಗ್ಗ ಕಟ್ಟಿಸಿಕೊಂಡು ಕಲ್ಲು ಒಡೆಯುತ್ತಿರುವ ಆ ಒರೆಲುಸನ ಕಿವಿಗೆ. ಕೇಳ್ತಾ ಇದೆಯೇನೋ ಅಣ್ಣ, ನಾನು ಕಣೋ, ಲಾಮೆರ್ಸಿ, ಹದಿನೈದು ತುಂಬಿದ್ರೂ ಮೂಗು ಒರೆಸ್ಕೊಳ್ಳೋಕೆ ಬರಲ್ಲ ಅಂತ ಆಡ್ಕೋತಿದ್ಯಲ್ಲ, ಅವಳೇ. ಬೆನ್ನಿನ ಮೇಲೆ ಬೆಟ್ಟದ ಗಾಳಿ ತಣ್ಣಗೆ ಒತ್ತುತ್ತಿದೆ, ಒಳ್ಳೆಯ ಗಾಳಿ, ಬಂಗಾರದಂಥ ಗಾಳಿ, ಆದರೆ ಇದು ಮಧ್ಯಾಹ್ನದ ಪ್ರಾರ್ಥನೆ ಶುರುವಾಗುವವರೆಗೆ ಮಾತ್ರ, ಆಮೇಲೆ ಕಡಲಿನ ಗಾಳಿ ಏಳುತ್ತದೆ, ಪಟಗಳನ್ನೆಲ್ಲ ಹಿಂದಕ್ಕೆ ಬೆಟ್ಟದ ಮುಖಕ್ಕೆ ಎಸೆಯುತ್ತದೆ, ಆಮೇಲೆ ಇವತ್ತು ಮುಗಿದಂತೆಯೇ, ಮತ್ತು ನಾಳೆ ಎನ್ನುವುದಿಲ್ಲ. ನಾಳೆ ಬೆಳಗ್ಗೆ ಬಿಳಿಯರು, ಅಮೆರಿಕದಿಂದ ಬಂದು ಊರು ಹಿಡಿದ ಸಿಪಾಯಿಗಳು, ಅಂಗಳದಲ್ಲಿರುವವರನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿ ಬೆಟ್ಟದಾಚೆಯ ರಸ್ತೆ ಕೆಲಸಕ್ಕೆ ನಡೆಸಿಕೊಂಡು ಹೋಗುತ್ತಾರೆ. ಹೋದ ವರ್ಷ ಆ ರಸ್ತೆಗೆ ಹೋದ ಸೋದರಮಾವ ವಾಪಸು ಬರಲಿಲ್ಲ, ಮಾವನ ಹುಲ್ಲಿನ ಟೋಪಿ ಬಂತು.

ಬಿಡ್ಲಾ? ಹಿಡೀಲಾ? ಏನಾದ್ರೂ ಬಾಯಿ ಬಿಡೇ ಮಾರಾಯ್ತಿ — ಇದು ಮಿರ್ತಿಲ್, ಬೆನ್ನ ಹಿಂದೆ ದಾರದ ಉಂಡೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾನೆ, ಅಣ್ಣನ ಜೊತೆಗಾರ, ಬಾಯಿ ಮುಚ್ಚಿಕೊಂಡಿರುವುದು ಅವನ ಹಣೆಯಲ್ಲಿ ಬರೆದಿಲ್ಲ — ಮೆಲ್ಲಗೆ ಬಿಡು, ಮೆಲ್ಲಗೆ ಅಂದ್ರೆ ಮೆಲ್ಲಗೆ ಕಣೋ, ಹಗ್ಗ ಕಿತ್ಕೊಂಡ ಕತ್ತೆ ಥರ ಅಲ್ಲ. ಇಗರ್ಜಿಯ ಹಿಂದಿನ ಈ ಗುಡ್ಡದ ತುಂಬ ಊರಿನ ಹುಡುಗ ಹುಡುಗಿಯರು, ಶುಭ ಶುಕ್ರವಾರ ಅಲ್ಲವೇ, ಗಾಳಿಪಟದ ದಿನ, ಹೈಟಿಯ ಯಾವ ಊರಿನಲ್ಲಾದರೂ ಇವತ್ತು ಆಕಾಶ ಖಾಲಿ ಇದ್ದರೆ ಕೇಳಿ, ಕೆಂಪು, ನೀಲಿ, ಸಕ್ಕರೆ ಕಟ್ಟುವ ಕಾಗದದ ಬೂದು, ಆದರೆ ಇವತ್ತು ಯಾರೂ ಯಾರ ದಾರವನ್ನೂ ಕತ್ತರಿಸುತ್ತಿಲ್ಲ, ಎಲ್ಲರಿಗೂ ಗೊತ್ತು, ಎಲ್ಲರೂ ಸುಮ್ಮನೆ ಹಾರಿಸುತ್ತಿದ್ದಾರೆ, ಇದೊಂದೇ ಪಟ ಕಣ್ಣಿಗೆ ಬೀಳಬಾರದೆಂದು. ಡೋಲು ಬಾರಿಸಬಾರದು ಎಂದು ಬಿಳಿಯರ ಹುಕುಂ, ನಾಲ್ಕು ಗಂಡಸರು ಸೇರಿ ನಿಂತು ಮಾತಾಡಬಾರದು, ದೀಪ ಹಚ್ಚಿದ ಮೇಲೆ ಹೊರಗೆ ಬರಬಾರದು, ಚೀಟಿ ಇಲ್ಲದೆ ಊರಾಚೆ ಹೋಗಬಾರದು — ಆ ಚೀಟಿಯ ಮೇಲೇ ಅಲ್ಲವೇ ಅಣ್ಣ ಸಂತೆಯ ನಡುವೆ ನಿಂತು ಕೇಳಿದ್ದು, ನಾನು ಹುಟ್ಟಿದ್ ಊರಲ್ಲಿ ನಾನು ಓಡಾಡೋಕೆ ಇವನ್ಯಾವನು ಚೀಟಿ ಕೊಡೋಕೆ? ಕೇಳಿದ್ದಷ್ಟೇ. ಬಂದೂಕಿನ ಹಿಂಬದಿಯಿಂದ ಬಾಯಿಗೆ ಒಂದೇಟು, ಎಳೆದುಕೊಂಡು ಹೋದರು, ಹದಿನೇಳರ ಹುಡುಗನನ್ನು. ಗಾಳಿಪಟ ಹಾರಿಸಬಾರದು ಎಂದು ಮಾತ್ರ ಯಾರೂ ಹೇಳಲಿಲ್ಲ, ಮಕ್ಕಳಾಟಕ್ಕೆ ಯಾರಾದರೂ ಹೆದರುತ್ತಾರೆಯೇ.

ಜನವರಿಯ ಆ ಬಿರುಗಾಳಿ, ಅಬ್ಬಾ, ನೆನೆದರೆ ಈಗಲೂ ನಗು — ಕೋಟೆಯ ಕಂಬದ ಮೇಲಿನ ಬಿಳಿಯರ ಬಾವುಟ ಹಗ್ಗದಿಂದ ಕಳಚಿಕೊಂಡು ಹಾರಿತ್ತಲ್ಲ, ಊಟಕ್ಕೆ ಕೂತವರು ತಟ್ಟೆ ಬಿಟ್ಟು, ಗಡ್ಡ ಹೆರೆಯುತ್ತಿದ್ದವನು ಅರ್ಧ ಕೆನ್ನೆಯ ನೊರೆಯಲ್ಲೇ, ಕ್ಯಾಪ್ಟನ್ನಿನಿಂದ ಹಿಡಿದು ಅಡುಗೆಯವನವರೆಗೆ ಕೋಟೆಗೆ ಕೋಟೆಯೇ ಅದರ ಹಿಂದೆ ಬಿದ್ದಿತ್ತು. ಅದು ನೆಲಕ್ಕೆ ತಾಗಬಾರದಂತೆ! ಮೀನು ಮಾರುವ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಮ್ ಗಂಡಸರನ್ನ ಮಣ್ಣಲ್ಲಿ ಹೊರಳಾಡಿಸ್ತಾರೆ, ಇವರ ಬಟ್ಟೆಗೆ ಮಾತ್ರ ಮಣ್ಣು ಸೋಕಬಾರದಂತೆ ಕಣ್ರೇ, ಥೂ ಇವರ ಮಡಿಗಿಷ್ಟು. ಅಣ್ಣ ಮಾತ್ರ ನಗಲಿಲ್ಲ, ಹಲ್ಲಿನಲ್ಲಿ ಕಬ್ಬಿನ ಸಿಪ್ಪೆ ಸೀಳುತ್ತಾ ಲಾಮೆರ್ಸಿಯ ಕಿವಿಯಲ್ಲಿ ಹೇಳಿದ, ಬಾವುಟ ನೋಡ್ಬೇಡ್ವೇ ಪೆದ್ದಿ, ಗೇಟು ನೋಡು, ಹೆಂಗೆ ಹಾರುಹೊಡೆದಿದೆ. ಆಗ ಅದು ಬರೀ ತಮಾಷೆ. ಅವನನ್ನು ಹಿಡಿದುಕೊಂಡು ಹೋದ ಮೇಲೆ ಒಂದು ಸಂಜೆ, ಅಜ್ಜಿ ಊಟ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಗೇಟಿನ ಆ ಮಾತು ತಾನಾಗಿಯೇ ಎದ್ದು ಬಂದು ಲಾಮೆರ್ಸಿಯ ಎದುರು ಕೂತಿತು. ಮಿರ್ತಿಲ್‌ಗೆ ಹೇಳಿದಾಗ ಅವನು ಮೊದಲು ನಕ್ಕ, ಹೆಣ್ಣುಮಕ್ಳು ಪಟ ಹಾರಿಸಿದ್ರೆ ಗಾಳಿ ನಾಚ್ಕೊಂಡು ನಿಂತ್‌ಬಿಡುತ್ತೆ ಅಂತಾರೆ, ನೀನು ಬಾವುಟ ಬೇರೆ ಕತ್ತರಿಸ್ತೀಯಾ? ನಕ್ಕವನೇ ಮರುದಿನ ಬೆಳಗ್ಗೆ ಉಂಡೆ ದಾರ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ.

ಪಾಪ, ಅಜ್ಜಿಯ ಬಟ್ಟೆ ಒಣಗಿಸುವ ಹಗ್ಗ! ಅಭ್ಯಾಸಕ್ಕೆ ಬೇರೆ ಏನು ಸಿಗಬೇಕಿತ್ತು, ಇದೇ ಗುಡ್ಡದಿಂದ ಪಟ ಬಿಟ್ಟು, ಬ್ಲೇಡು ಕಟ್ಟಿದ ಬಾಲಂಗೋಚಿಯನ್ನು ಹಗ್ಗದ ಮೇಲೆ ಇಳಿಸಿ, ಜಗ್ಗಿ, ಸಡಿಲಿಸಿ, ಜಗ್ಗಿ — ಮೊದಲ ಸಲ ತಪ್ಪಿತು, ಎರಡನೆಯ ಸಲ ಹಗ್ಗ ತುಂಡಾಗಿ ಬಿಳಿಯರ ಅಂಗಿ ಚಡ್ಡಿಯೆಲ್ಲ ಹಂದಿ ಕೊಚ್ಚೆಯಲ್ಲಿ. ಅಯ್ಯೋ ನನ್ನ ಕರ್ಮವೇ, ಗಂಜಿ ಹಾಕಿ ಇಟ್ಟಿದ್ದೆ ಕಣೇ, ನಿನ್ ಕೈ ಸೇದಿಹೋಗ! ಅಜ್ಜಿ ಕೋಟೆಯವರ ಬಟ್ಟೆ ಒಗೆದು ಮನೆ ನಡೆಸುವವಳು, ಅದಕ್ಕೆ ಬಾವಿಕಟ್ಟೆಯಲ್ಲಿ ದಿನಾ ಚುಚ್ಚುಮಾತು, ಬಿಳಿಯರ ಕೊಳೆ ತೊಳೆದ ಕೈ ಅಂತ, ಅಜ್ಜಿ ಕೊಡ ತುಂಬಿಕೊಂಡು ಬರುತ್ತಾಳೆ. ಮೂರನೆಯ ಸಲ ಹಗ್ಗ ತುಂಡಾದಾಗ ಅಜ್ಜಿ ಬೈಯಲಿಲ್ಲ, ತುಂಡಾದ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದಳು, ಗುಡ್ಡ ನೋಡಿದಳು, ಕೋಟೆಯ ಕಂಬ ನೋಡಿದಳು, ಒಳಗೆ ಹೋಗಿ ತನ್ನ ಹಳೆಯ ಲಂಗವನ್ನು ಉದ್ದುದ್ದ ಸೀಳಿ ತಂದು ಮೊಮ್ಮಗಳ ಮಡಿಲಿಗೆ ಹಾಕಿದಳು, ಬಾಲ ಇನ್ನೂ ಉದ್ದ ಬೇಕು, ಗಾಳಿಗೆ ತೂಕ ಸಾಲ್ದು. ಮತ್ತೆ ಬ್ಲೇಡು! ಬ್ಲೇಡು ಯಾರದ್ದು ಹೇಳಿ — ಕ್ಯಾಪ್ಟನ್ನಿನದೇ. ಒಗೆದ ಬಟ್ಟೆ ಕೊಡಲು ಹೋದಾಗ ಅವನ ಕಿಟಕಿಯಲ್ಲಿ ಸವೆದ ಬ್ಲೇಡುಗಳು, ಸಾಹೇಬ್ರೇ, ಇದನ್ನ ಪಟದ ಬಾಲಕ್ಕೆ ಕಟ್ಟಿದ್ರೆ ಬಿಸಿಲಿಗೆ ಮಿಂಚುತ್ತೆ, ಚೆಂದ, ಎಂದಿದ್ದಳು ಲಾಮೆರ್ಸಿ, ಅವನು ತನ್ನ ಕುಂಟು ಮಾತಿನಲ್ಲಿ, ತಗೋ ತಗೋ, ಒಳ್ಳೇ ಹುಡುಗಿ, ಎಂದು ಒಂದು ಹಿಡಿ ಕೊಟ್ಟು, ತಲೆ ಬೇರೆ ಸವರಿದ್ದ. ಇಲ್ಲಿಯ ತೊಟ್ಟಿಲ ಕೂಸಿಗೂ ಗೊತ್ತು, ಬಾಲಂಗೋಚಿಯ ಬ್ಲೇಡು ಮಿಂಚುವುದಕ್ಕಲ್ಲ, ಇನ್ನೊಬ್ಬನ ದಾರ ಕತ್ತರಿಸುವುದಕ್ಕೆ. ಇಷ್ಟು ವರ್ಷ ನಮ್ಮ ತಲೆಯ ಮೇಲೆ ಕೂತಿದ್ದೀರಿ, ಒಂದು ಸಲವಾದರೂ ತಲೆಯೆತ್ತಿ ನಮ್ಮ ಮಕ್ಕಳ ಆಟ ನೋಡಿದ್ದರೆ ಗೊತ್ತಾಗುತ್ತಿತ್ತು, ಮಾಡಿದ್ದುಣ್ಣೋ ಮಹರಾಯ.

ಈಗ. ಇಳೀತಾ ಇದೆ, ಮಿರ್ತಿಲ್, ಬಿಡು, ಬಿಡು, ಸಾಕು — ಪಟ ಕೋಟೆಯ ನೆತ್ತಿಯ ಮೇಲಿದೆ, ಬಾಲ ಅಂಗಳದ ಮೇಲೆ ತೂಗುತ್ತಿದೆ, ಬಾವುಟದ ಕೆಳಗೆ ಹಗ್ಗದ ಎರಡು ಎಳೆ ಜೊತೆಜೊತೆಗೇ ಕಂಬದ ಪಕ್ಕ ಇಳಿಯುತ್ತವೆ, ಎರಡೂ ಹೋಗಬೇಕು, ಒಂದೇ ಹೋದರೆ ಅದು ಅಲ್ಲೇ ಜೋತಾಡುತ್ತದೆ, ಅವರು ಇಳಿಸಿಕೊಳ್ಳುತ್ತಾರೆ, ಆಮೇಲೆ ಮೇಲೆ ನೋಡುತ್ತಾರೆ, ಆಮೇಲೆ ಗುಡ್ಡಕ್ಕೆ ಬರುತ್ತಾರೆ. ಎಡಕ್ಕೆ, ಇನ್ನೊಂದಿಷ್ಟು, ಅಮ್ಮಾ ತಾಯಿ ಮರಿಯಾ — ಸಿಕ್ಕಿತು, ದಾರ ಭಾರವಾಯಿತು, ಮೀನು ಕಚ್ಚಿದಂತೆ. ಜಗ್ಗು. ಸಡಿಲಿಸು. ಬೆರಳು ಹರಿದು ರಕ್ತ ದಾರದ ಮೇಲೆ ಇಳಿಯುತ್ತಿದೆ, ಇಳಿಯಲಿ. ಗೇಟಿನ ಬಳಿ ಸೆತೂ ನಿಂತಿದ್ದಾನೆ, ಬಿಳಿಯರ ಕೈಕೆಳಗೆ ಪೇದೆಯಾಗಿ ಸೇರಿದ ಇದೇ ಓಣಿಯ ಸೆತೂ, ಅವನು ಆ ಅಂಗಿ ಹಾಕಿದ ದಿನದಿಂದ ಅವನಮ್ಮ ಅವನಿಗೆ ತನ್ನ ಕೈಯಾರೆ ಬಡಿಸಿಲ್ಲ — ಸೆತೂ ತಲೆಯೆತ್ತುತ್ತಿದ್ದಾನೆ. ಬೇಡ, ಸೆತೂ, ಬೇಡ ಕಣೋ. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಇದೇ ಗುಡ್ಡದಲ್ಲಿ ಪಟ ಹಾರಿಸಿದವನು, ಕೋಟೆ ಕಾಯುವವರಲ್ಲಿ ಬಾಲದ ಅರ್ಥ ಗೊತ್ತಿರುವವನು ಇವನೊಬ್ಬನೇ, ಬ್ಲೇಡು ಬಿಸಿಲಿಗೆ ಪಳ್ ಅಂದಿತು, ಕಂಡ, ಅವನು ಕಂಡ, ಬಾಯಿ ತೆರೆದ — ಮತ್ತೆ ಸೆತೂ ಟೋಪಿಯನ್ನು ಹಣೆಗೆ ಎಳೆದುಕೊಂಡು, ಕಿವಿಯಲ್ಲಿ ಕಿರುಬೆರಳು ಹಾಕಿ ತಿರುವುತ್ತಾ, ಕಡಲಿನ ಕಡೆಗೆ ತಿರುಗಿ ನಿಂತ. ಜಗ್ಗು! ಮೊದಲನೆಯ ಎಳೆ ಹೋಯಿತು, ಬಾವುಟದ ಕೆಳಮೂಲೆ ಬಿಚ್ಚಿಕೊಂಡು ಪಟಪಟ ಬಡಿಯುತ್ತಿದೆ, ಜಗುಲಿಯಲ್ಲಿ ಕ್ಯಾಪ್ಟನ್ ಎದ್ದು ನಿಂತ, ಇಗರ್ಜಿಯ ಒಳಗೆ ಮಧ್ಯಾಹ್ನದ ಪ್ರಾರ್ಥನೆ ಶುರುವಾದ ಸದ್ದು, ಬೆನ್ನ ಮೇಲಿನ ಗಾಳಿ ಒಂದು ಗಳಿಗೆ ಸೋತಂತಾಯಿತು, ಗಾಳಿ ಬಿತ್ತು ಕಣೇ ಲಾಮೆರ್ಸಿ, ಬಿತ್ತು, ಮಿರ್ತಿಲ್ ಅಳುವ ದನಿಯಲ್ಲಿ, ಬಿದ್ದಿಲ್ಲ, ಬಾಯ್ ಮುಚ್ಚು, ಎರಡೂ ಕೈಗೆ ದಾರ ಸುತ್ತಿಕೊಂಡು ಅವಳು ಇಡೀ ಮೈಯನ್ನೇ ಹಿಂದಕ್ಕೆ ಚೆಲ್ಲಿದಳು.

ಹೋಯಿತು. ಹೋಯಿತು! ಬೆಟ್ಟ ಇಟ್ಟುಕೊಂಡಿದ್ದ ಕೊನೆಯ ಉಸಿರನ್ನೆಲ್ಲ ಒಮ್ಮೆಗೇ ಬಿಟ್ಟಂತೆ ಗಾಳಿ ಬಂತು, ಹಗ್ಗ ರಾಟೆಯಲ್ಲಿ ಸರ್ರನೆ ಸರಿದು, ಬಾವುಟ ಕಂಬ ಬಿಟ್ಟು, ಅಣ್ಣನ ಪಟದ ಬಾಲಕ್ಕೆ ಸಿಕ್ಕಿಕೊಂಡು, ಎರಡೂ ಒಟ್ಟಿಗೆ ಕಡಲಿನ ಕಡೆಗೆ — ದಾರ ಕಚ್ಚು, ಕಚ್ಚೇ, ದಾರ ಹಿಡ್ಕೊಂಡು ಬಂದ್ರೆ ನಮ್ಮ ಹತ್ರಾನೇ ಬರ್ತಾರೆ — ಗೊತ್ತು, ಆದರೆ ಇದು ಅಣ್ಣ ರಾತ್ರಿಯೆಲ್ಲ ಕೂತು ಅಂಟು ಹಾಕಿದ ಪಟ, ಅವನು ಇಲ್ಲದ ಈ ಇಷ್ಟೂ ದಿನ ಅವಳ ತಲೆದೆಸೆಯಲ್ಲಿದ್ದ ಪಟ, ಹೋಗು, ಹೋಗಿ ಬಾ ನನ್ನಪ್ಪ, ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದಳು, ಗುಂಯ್ ಎನ್ನುವುದು ಮೈಯಿಂದ ನಿಂತುಹೋಯಿತು. ಕೆಳಗೆ ಕೋಟೆ ಒಡೆದ ಇರುವೆಗೂಡು, ಓಡುತ್ತಿದ್ದಾರೆ, ಬೂಟು ಹಾಕಿದವರು, ಹಾಕದವರು, ಕ್ಯಾಪ್ಟನ್ ಎಲ್ಲರಿಗಿಂತ ಮುಂದೆ ಸೊಂಟದ ಮಟ್ಟದ ನೀರಿನಲ್ಲಿ ಎರಡೂ ಕೈ ಮೇಲೆತ್ತಿಕೊಂಡು ಬಾವುಟಕ್ಕಾಗಿ ಹಾರುತ್ತಿದ್ದಾನೆ, ಅದು ಕೈಗೆ ಸಿಕ್ಕಂತೆ ಮಾಡಿ ಸಿಗದೆ ಇನ್ನಷ್ಟು ಒಳಕ್ಕೆ, ಭಲೆ! ಗೇಟು ಹಾರುಹೊಡೆದಿದೆ. ಸೆತೂ ಬಂದೂಕನ್ನು ತಲೆಕೆಳಗಾಗಿ ಹಿಡಿದುಕೊಂಡು, ಸಾಹೇಬ್ರೇ, ಕೈದಿಗಳು ಸಾಹೇಬ್ರೇ, ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಾ, ಕೈದಿಗಳಿರುವ ಕಡೆಗಲ್ಲ, ಕಡಲಿನ ಕಡೆಗೆ ಓಡುತ್ತಿದ್ದಾನೆ, ಅಯ್ಯೋ ನಿನ್ನ, ಇವತ್ತು ನಿನ್ನಮ್ಮ ನಿನಗೆ ಬಡಿಸುತ್ತಾಳೆ ಬಿಡು! ಅಂಗಳದಲ್ಲಿ ಸುತ್ತಿಗೆ ಮೇಲೆದ್ದು ಕಲ್ಲಿನ ಮೇಲೆ ಬಿತ್ತು, ಕಲ್ಲಿನ ಮೇಲೆ ಹಾಸಿದ, ಕೈದಿಗಳ ಕೈ ಬಿಗಿದಿದ್ದ ಹಗ್ಗದ ಮೇಲೆ, ಒಬ್ಬ, ಇನ್ನೊಬ್ಬ, ಕೇಳಿಸಿತ್ತು, ಅಣ್ಣನಿಗೆ ಪಟದ ಗುಂಯ್ ಕೇಳಿಸಿತ್ತು, ಕಾದು ಕೂತಿದ್ದ, ಗೇಟಿನಿಂದ ಹೊರಗೆ ಬಂದವನ ಓಟ ಈ ಗುಡ್ಡದಿಂದಲ್ಲ, ಸ್ವರ್ಗದಿಂದ ನೋಡಿದರೂ ಗೊತ್ತಾಗುತ್ತದೆ, ಎಡಗಾಲು ಸ್ವಲ್ಪ ಹೊರಕ್ಕೆ ಎಸೆದು ಓಡುವ ಒರೆಲುಸ, ಮಣಿಕಟ್ಟಿಗೆ ಇನ್ನೂ ಕಟ್ಟಿಯೇ ಇರುವ ಹಗ್ಗದ ತುಂಡು ಹಿಂದೆ ಧೂಳಿನಲ್ಲಿ ಎಳೆದುಕೊಂಡು ಬರುತ್ತಿದೆ.

ಗುಡ್ಡದ ಮೇಲೆ ಎಲ್ಲರೂ ಕುಣಿಯುತ್ತಿದ್ದಾರೆ, ಮಿರ್ತಿಲ್ ಅವಳ ಭುಜ ಹಿಡಿದು ಅಲ್ಲಾಡಿಸುತ್ತಾ, ಆಯ್ತು ಕಣೇ, ಆಯ್ತು, ಏನಾದ್ರೂ ಮಾತಾಡೇ, ಅಳುತ್ತಾನೆ, ನಗುತ್ತಾನೆ, ಕೆಳಗೆ ಬೇಕರಿಯ ತಿರುವಿನಲ್ಲಿ ಬಣ್ಣ ಬಳಿದ ಮುಖಗಳ ರಾರಾ ಮೇಳ, ಈಸ್ಟರ್ ವಾರದ ಬೀದಿ ಕುಣಿತದವರು, ಡೋಲಿಲ್ಲದಿದ್ದರೇನು, ಬಿದಿರಿನ ಕೊಳವೆ ಊದಬಾರದು ಎಂದು ಯಾರು ಹೇಳಿದ್ದಾರೆ, ಭೋಂ ಭೋಂ ಎಂದು ಇಡೀ ಬೀದಿ ಬಾಯಿ ತೆರೆದು ನಿಂತಿದೆ ಓಡಿ ಬರುವವರನ್ನು ನುಂಗಿಕೊಳ್ಳಲು, ಬಾವಿಕಟ್ಟೆಯ ಹೆಂಗಸರ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತವಳು ಅಜ್ಜಿಯೇ, ಕೂಗುತ್ತಿದ್ದಾಳೆ, ನನ್ ಮೊಮ್ಮಗ ಕಣ್ರೇ, ನನ್ ಮೊಮ್ಮಗ, ಮತ್ತು ಕಡಲಿನಲ್ಲಿ ಇನ್ನೂ ಆ ಮೇಲೆತ್ತಿದ ಕೈಗಳು, ಇರಲಿ, ಅದೆಲ್ಲ ಇರಲಿ, ನಾಳೆ ಹುಡುಕುತ್ತಾರೆ, ಮನೆಮನೆ ಜಾಲಾಡುತ್ತಾರೆ, ಬರಲಿ, ನೋಡಿಕೊಳ್ಳೋಣ, ಈಗ ಅವಳಿಗೆ ಬೇರೇನೂ ಕಾಣುತ್ತಿಲ್ಲ, ಬರಿಯ ಅಣ್ಣ, ಅವನ ಹಿಂದೆ ಆ ಹಗ್ಗದ ತುಂಡು, ಬೀದಿಯ ಕಲ್ಲಿಗೆ ತಾಗಿ ಪುಟಿಯುತ್ತಾ, ಮೇಳದೊಳಕ್ಕೆ ಅವನು ನುಗ್ಗಿದ, ಯಾರೋ ಅವನ ಮುಖಕ್ಕೆ ಬಣ್ಣ ಬಳಿದರು, ಯಾರೋ ಹುಲ್ಲಿನ ಲಂಗ ಸುತ್ತಿದರು, ಮತ್ತೆ ಹಗ್ಗ, ಭೋಂ ಭೋಂ, ಜನರ ಕಾಲುಗಳ ನಡುವೆ ಹಗ್ಗ, ನಕ್ಕಳೋ ಅತ್ತಳೋ ಅವಳಿಗೇ ಗೊತ್ತಿಲ್ಲ, ಬೇಕರಿಯ ಮೂಲೆ ತಿರುಗಿತು ಮೇಳ, ಅಣ್ಣ ಕಾಣುವುದಿಲ್ಲ, ಹಗ್ಗದ ತುದಿ ಕಾಣುತ್ತಿದೆ, ಒಂದು ಮೊಳ, ಒಂದು ಗೇಣು, ಬಿಸಿಲಿನಲ್ಲಿ ಧೂಳೆಬ್ಬಿಸುತ್ತಾ, ಯಾರ ಕೈಯಲ್ಲೂ ಇಲ್ಲದ ಹಗ್ಗ, ಯಾರೂ ಹಿಡಿದಿಲ್ಲ ಅದನ್ನು, ಹಗ್ಗ, ಯಾರೂ ಹಿಡಿದಿಲ್ಲ