ಚಂದಯ್ಯನ ಕೇಸು

ಚಂದಯ್ಯನ ಮೈಗೆ ಕೊನೆಯ ಕೊಡ ನೀರು ಹೊಯ್ದು ಬಿಳಿ ಬಟ್ಟೆ ಹೊದಿಸುವಷ್ಟರಲ್ಲಿ ಅಂಗಳದಲ್ಲಿ ಗುಸುಗುಸು ಎದ್ದಿತ್ತು. ಚಟ್ಟಕ್ಕೆ ಹೆಗಲು ಕೊಡಲು ಸ್ವಂತ ಅಣ್ಣ ಗುಡ್ಡನೇ ಒಪ್ಪುತ್ತಿಲ್ಲ.

“ನಾ ಬಂದದ್ದೇ ಹೆಚ್ಚ್. ಜೈಲಿಗೆ ಹೋಯ್ ಬಂದವ್ನ ಹೊರೂಕೆ ನನ್ನಿಂದ ಆತಿಲ್ಲೆ,” ಎಂದು ಅವರು ತೆಂಗಿನ ಬುಡದಲ್ಲಿ ಮುಖ ತಿರುಗಿಸಿ ಕೂತಿದ್ದರು.

ಗಂಡನ ತಲೆದೆಸೆಯಲ್ಲಿದ್ದ ಗುಲಾಬಿಗೆ ಎಲ್ಲವೂ ಕೇಳಿಸಿತು. ಅಳು ನಿಂತು ಸಿಟ್ಟು ಬಂತು. ಹದಿನೆಂಟು ವರ್ಷದಿಂದ ಕೋಡಿ ಊರಿನವರ ಬಾಯಲ್ಲಿ ಇದೊಂದೇ ಮಾತು. ಗುಡ್ಡನ ಮಗಳಿಗೆ ಬಂದ ಸಂಬಂಧ ಇದರಿಂದಲೇ ಮುರಿದುಬಿದ್ದು, ಅಣ್ಣತಮ್ಮಂದಿರ ನಡುವೆ ಮಾತು ನಿಂತಿತ್ತು.

*

ಚಂದಯ್ಯ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ಅಮೆರಿಕದ ಬಂದರೊಂದರಲ್ಲಿ ಹಡಗಿನ ಕಾಗದಪತ್ರ ಸರಿಯಿಲ್ಲವೆಂದು ಹನ್ನೊಂದು ಮಂದಿಯನ್ನು ಕೂಡಿಹಾಕಿದರು. ಆರು ತಿಂಗಳಾದರೂ ವಿಚಾರಣೆ ಇಲ್ಲ. ಪುಕ್ಕಟೆ ವಾದಿಸಲು ಬಂದ ವಕೀಲೆ ಅರ್ಜಿಗೆ ಸಹಿ ಕೇಳಿದಾಗ ಉಳಿದವರು ಹೆದರಿದರು. ಚಂದಯ್ಯ ಕನ್ನಡದಲ್ಲೇ ಸಹಿ ಹಾಕಿದ.

“ಇವನು ನಮ್ಮ ಪ್ರಜೆಯಲ್ಲ, ವಿಚಾರಣೆ ಕೇಳುವ ಹಕ್ಕು ಇವನಿಗಿಲ್ಲ,” ಎಂದು ಸರ್ಕಾರಿ ವಕೀಲ ವಾದಿಸಿದ.

“ಸಂವಿಧಾನದ ಈ ಸಾಲಿನಲ್ಲಿ ಇರುವುದು ಪ್ರಜೆ ಅಂತಲ್ಲ, ವ್ಯಕ್ತಿ ಅಂತ,” ಎಂದರು ನ್ಯಾಯಾಧೀಶೆ. ವಿಚಾರಣೆ ನಡೆಯಿತು; ಹನ್ನೊಂದು ಮಂದಿಯೂ ಹೊರಬಂದರು.

ಊರಿಗೆ ಬಂದ ದಿನ ಗುಲಾಬಿ, “ಹೆದ್ರಿಕೆ ಆಯ್ಲಿಲ್ಯಾ?” ಎಂದು ಕೇಳಿದ್ದಳು.

“ಆಯ್ತ್ ಮಾರಾಯ್ತಿ. ಆದ್ರೆ ಆ ಜಡ್ಜ್ ಅಮ್ಮ ನಂಗೆ ಮಿಸ್ಟರ್ ಚಂದಯ್ಯ ಅಂದ್ಳ್! ಹಡಗಂಗೆ ಎಲ್ರೂ ‘ಏ ಕುಕ್’ ಅಂತಿದ್ರ್.”

ಊರವರು ಮಾತ್ರ ಪೂರ್ತಿ ಕತೆ ಕೇಳಲಿಲ್ಲ. ಅವನು ಬಂದರಿನ ಹತ್ತಿರ ಗಂಜಿಯೂಟದ ಹೋಟೆಲು ಇಟ್ಟು ಸುಮ್ಮನಾದ.

*

“ಅಬ್ಬೀ! ಇಲ್ ಕಾಣ್!”

ವಕೀಲಿ ಓದುತ್ತಿದ್ದ ಮಗಳು ವಿಜೇತಾ ಮೊಬೈಲು ಹಿಡಿದು ತಾಯಿಯ ಬಳಿಗೆ ಓಡಿಬಂದಳು. ಬೆಳಿಗ್ಗೆ ಅವಳು ಆ ಅಮೆರಿಕದ ವಕೀಲೆಗೆ ಸಾವಿನ ಸುದ್ದಿ ಬರೆದಿದ್ದಳು. ಉತ್ತರ ಬಂದಿತ್ತು. ಅದನ್ನು ಅವಳು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಗುಲಾಬಿ ಎದ್ದು ನಿಂತಳು.

“ಹೊರಗ್ ಹೋಯ್ ಹೇಳ್. ಗಟ್ಟಿ ಹೇಳ್, ಎಲ್ರಿಗೂ ಕೇಂಬಂಗೆ!”

ವಿಜೇತಾ ಜಗಲಿಯ ಮೇಲೆ ನಿಂತಳು. “ಅಪ್ಪಯ್ಯನ ಕೇಸ್ ಅಲ್ಲಿನ ಕೋರ್ಟಂಗೆ ಇವತ್ತಿಗೂ ಓದ್ತ್ರಂಬ್ರ್. ಆ ಕೇಸಿನ ಹೆಸ್ರೇ ಚಂದಯ್ಯ! ಹೋದ ವಾರ ಅದ್ನ ತೋರ್ಸಿಯೇ ನಲ್ವತ್ಮೂರ್ ಜನ್ರನ್ನ ಜೈಲಿಂದ ಬಿಡ್ಸಿರಂಬ್ರ್!”

“ನಮ್ಮ ಗಂಜಿ ಚಂದಯ್ಯನಾ?” ನೆರೆಮನೆಯ ಅಕ್ಕು ಕೂಗಿಯೇಬಿಟ್ಟಳು. ಅಂಗಳವೆಲ್ಲ ಗದ್ದಲ. “ಹ್ವಾಯ್, ಇನ್ನೊಂದ್ಸಲ ಹೇಳ್ ಮಗಾ!” ಎಂದು ಹಿಂದಿನಿಂದ ಯಾರೋ ಕಿರುಚಿದರು.

ಗುಡ್ಡ ಎದ್ದು ನಿಂತಿದ್ದರು. “ಹಂಗಾರೆ ಅವ ಎಂತ ತಪ್ಪೂ ಮಾಡಿರ್ಲಿಲ್ಯಾ?”

ಗುಲಾಬಿ ಹೊಸ್ತಿಲಿಗೆ ಬಂದಳು. “ಬಾವ, ಅದ್ನ ಹೇಳೂಕೆ ಅವ್ರ್ ಮೂರ್ ಸಲ ನಿಮ್ಮನಿಗ್ ಬಂದಿದ್ರ್. ನೀವ್ ಬಾಗ್ಲ್ ತೆಗಿಲಿಲ್ಲೆ.”

ಗುಡ್ಡ ಅಂಗಳ ದಾಟಿ ಬಂದರು. ಬೈರಾಸು ಟವೆಲನ್ನು ಸೊಂಟಕ್ಕೆ ಬಿಗಿದು, ತಮ್ಮನನ್ನು ತಂದು ಮಲಗಿಸಿದ ಚಟ್ಟದ ಮುಂದಿನ ಬಿದಿರಿಗೆ ಹೆಗಲು ಕೊಟ್ಟರು. ಆರಡಿ ಆಳು, ಉಳಿದ ಮೂವರು ಗಿಡ್ಡರು. ಎತ್ತಿದ್ದೇ ಚಟ್ಟ ಒಂದು ಕಡೆಗೆ ವಾಲಿತು. ಎಪ್ಪತ್ತು ದಾಟಿದ ಆ ಮನುಷ್ಯ ಮಂಡಿ ಬಗ್ಗಿಸಿ ಅದನ್ನು ಸಮ ಮಾಡಿದರು. ಸುಡುವ ಹೊಯಿಗೆಯ ಮೇಲೆ, ಕಡಲಿನ ಕಡೆಗೆ, ಬಗ್ಗಿಸಿದ ಮಂಡಿಯಲ್ಲೇ ನಡೆಯುತ್ತ ಹೋದರು.