ಅರ್ಗಿರಿಸನಿಗೇನೂ ಗುಣವಾಗಿಲ್ಲ

ವೋಲೋಸ್ ಪಟ್ಟಣದ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ, ಆ ಬುಧವಾರ ಮಧ್ಯಾಹ್ನ ಅರ್ಗಿರಿಸ್ ಊಟದ ತಟ್ಟೆಯಿಂದ ತಲೆಯೆತ್ತಿ, “ಸಾರಿಗೆ ಉಪ್ಪು ಸಾಲದು” ಎಂದದ್ದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಭೂಕಂಪಗಳ ಅಧ್ಯಾಯಕ್ಕಿಂತ ಅದು ಸಣ್ಣದಾಗುವಂತಿಲ್ಲ.

ಎರಡು ವರ್ಷದಿಂದ ಅವನು ಯಾವುದರ ಬಗ್ಗೆಯೂ ದೂರಿರಲಿಲ್ಲ. ಮೀನಿನ ಅಂಗಡಿಗೆ ಬೀಗ ಹಾಕಿ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೇ ಮಲಗಿದ್ದು. ಮುಂದಿಟ್ಟರೆ ತಿಂದ, ಇಡದಿದ್ದರೆ ಇಲ್ಲ. ಬಗೆಬಗೆಯ ಮಾತ್ರೆಗಳು ಬಂದವು, ಹೋದವು. ಅವನು ಮಾತ್ರ ಗೋಡೆಯನ್ನು ಬಿಟ್ಟಿರಲಿಲ್ಲ.

ಅಕ್ಕ ಎವಾಂಥಿಯಾಳ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು.

“ಉಪ್ಪು ಬೇಕಾದ್ರೆ ಸಮುದ್ರ ಅಲ್ಲೇ ಇದೆ, ಹೋಗಿ ನೆಕ್ಕು” ಎಂದು ರೇಗಿ, ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು. ಹೊರಗೆ ಬಂದವಳೇ ತಮ್ಮನ ಬೆನ್ನ ಹಿಂದೆ ನಿಂತು, ದೃಷ್ಟಿ ತಾಗದಿರಲೆಂದು ಮೆಲ್ಲಗೆ ಮೂರು ಸಲ ಉಗಿದಳು.

ಅಷ್ಟು ಮಾಡಿದ ಮೇಲೆ ಬಾಯಿಗೆ ಬೀಗ. ಚೆನ್ನಾಗಿದ್ದೇವೆ ಎಂದು ಬಾಯಿಬಿಟ್ಟವರ ಮನೆಗೆ ಕಣ್ಣು ಬೀಳಲು ಎಷ್ಟು ಹೊತ್ತು? ಎದುರುಮನೆಯವಳು ಮಗನ ಕೆಲಸದ ಸುದ್ದಿಯನ್ನು ಬೀದಿಗೆಲ್ಲ ಸಾರಿದ ವಾರವೇ ಅವನು ಕಾಲು ಮುರಿದುಕೊಂಡಿರಲಿಲ್ಲವೇ?

ತಮ್ಮನಿಗೆ ನಡೆಯುತ್ತಿದ್ದ ಚಿಕಿತ್ಸೆಯಲ್ಲಿ ಎವಾಂಥಿಯಾಳಿಗೆ ಪೂರ್ಣ ನಂಬಿಕೆಯಿತ್ತು. ದಿನವೂ ಆಸ್ಪತ್ರೆಯ ಕುರ್ಚಿಯಲ್ಲಿ ಕೂರಿಸಿ, ಹಣೆಯ ಎಡಗಡೆಗೆ ಯಂತ್ರದ ಒಂದು ತಂತಿಸುರುಳಿ ಒತ್ತಿಹಿಡಿಯುತ್ತಿದ್ದರು. ಮರಕುಟಿಗ ಕುಕ್ಕಿದಂತೆ ಟಕಟಕ ಸದ್ದು. ಅಯಸ್ಕಾಂತದ ಮಿಡಿತ ಮಿದುಳಿನಲ್ಲಿ ಮಂಕಾಗಿರುವ ಜಾಗವನ್ನು ಎಬ್ಬಿಸುತ್ತದೆಂದು ಡಾಕ್ಟರ್ ಹೇಳಿದ್ದರು. ಎವಾಂಥಿಯಾ ಒಪ್ಪಿದ್ದಳು: ಒಳಗಿನದನ್ನು ಯಂತ್ರ ನೋಡಿಕೊಳ್ಳಲಿ, ಹೊರಗಿನದನ್ನು ದೃಷ್ಟಿ ತಡೆಯುವ ನೀಲಿ ಮಣಿ ನೋಡಿಕೊಳ್ಳುತ್ತದೆ. ಅಯಸ್ಕಾಂತದ ಹತ್ತಿರ ಪಿನ್ನು ಕೂಡದೆಂದಾಗ, ಮಣಿಯನ್ನು ತಮ್ಮನ ಬನಿಯನ್ನಿಗೆ ದಾರದಲ್ಲೇ ಹೊಲಿದಿದ್ದಳು.

ತೊಡಕಿದ್ದದ್ದು ಶುಕ್ರವಾರಗಳಲ್ಲಿ. ಅಂದು ಡಾಕ್ಟರ್ ಮಿರ್ಸಿನಿ ಇಬ್ಬರನ್ನೂ ಕೂರಿಸಿಕೊಂಡು ವಿಚಾರಿಸುತ್ತಿದ್ದರು. ಅವರು ಜರ್ಮನಿಯಲ್ಲಿ ಹುಟ್ಟಿ ಬೆಳೆದವರು. ಜನ ಹೇಳಿದ್ದನ್ನು ಹೇಳಿದ ಹಾಗೇ ನಂಬುವ ದುರಭ್ಯಾಸ ಅಲ್ಲಿಯೇ ಅಂಟಿದ್ದು.

ನಾಲ್ಕನೆಯ ಶುಕ್ರವಾರವೂ ಕೇಳಿದರು: “ಈ ವಾರ ಹೇಗಿತ್ತು, ಅರ್ಗಿರಿಸ್?”

“ಹಾಗೇ ಇದೆ.”

“ನೀವು ಹೇಳಿ, ಅಮ್ಮಾ.”

“ಹಾಗೇ ಎಲ್ಲಿ ಬಂತು ಡಾಕ್ಟ್ರೇ, ಇನ್ನೂ ಕೆಟ್ಟಿದೆ!” ಎಂದು ಎವಾಂಥಿಯಾ ದೃಷ್ಟಿ ತಾಗದಿರಲೆಂದು ಜೇಬಿನಲ್ಲಿಟ್ಟುಕೊಂಡಿದ್ದ ಬೆಳ್ಳುಳ್ಳಿಯನ್ನು ಗಟ್ಟಿಯಾಗಿ ಹಿಡಿದಳು.

ಡಾಕ್ಟರ್ ನಿಟ್ಟುಸಿರಿಟ್ಟರು. “ನಾಲ್ಕು ವಾರ ನೋಡಿದ್ವಿ. ಕೆಲವರಿಗೆ ಇದು ಒಗ್ಗಲ್ಲ. ಸೋಮವಾರದಿಂದ ನಿಲ್ಲಿಸೋಣ. ಬೇರೆಯವರು ಕಾಯ್ತಾ ಇದಾರೆ.”

ಎವಾಂಥಿಯಾ ಲೆಕ್ಕ ಹಾಕಿದಳು. ಹೇಳಿದರೆ ಕಣ್ಣು ಬೀಳುತ್ತದೆ; ಹೇಳದಿದ್ದರೆ ತಮ್ಮ ಮತ್ತೆ ಗೋಡೆಗೆ ತಿರುಗುತ್ತಾನೆ. ಎದ್ದುನಿಂತು ತಮ್ಮನ ಕಡೆಗೊಮ್ಮೆ, ಡಾಕ್ಟರ ಕಡೆಗೊಮ್ಮೆ, ಯಾವುದಕ್ಕೂ ಇರಲಿ ಎಂದು ಆ ದುಬಾರಿ ಯಂತ್ರದ ಕಡೆಗೊಮ್ಮೆ ಥೂ ಥೂ ಥೂ ಎಂದಳು.

“ನಾನು ಸುಳ್ಳು ಹೇಳ್ದೆ. ಅವನಿಗೆ ಗುಣ ಆಗ್ತಾ ಇದೆ.”

“ಅಕ್ಕಾ! ಬಾಯಿ ಮುಚ್ಚು!”

“ಯಾಕೋ ಮುಚ್ಲಿ? ಬೆಳಿಗ್ಗೆ ಬಸ್ಸಲ್ಲಿ ಪಾದ್ರಿ ಜತೆ ಸೀಟಿಗೆ ಜಗಳ ಆಡ್ದೋನು ಯಾರು?”

“ಎರಡು ಸೀಟಿಗೆ ಹರಡ್ಕೊಂಡು ಕೂತಿದ್ದ! ಪಾದ್ರಿ ಆದ್ರೇನು, ಸಂತ ನಿಕೋಲಾಸ್ ಅವನಿಗೆ ಎರಡು ಟಿಕೆಟ್ ತೆಗೆಸಿಕೊಟ್ಟಿದ್ನಾ?”

“ಭಾನುವಾರ ಗಡ್ಡ ಬೋಳಿಸ್ಕೊಂಡೋನು?”

“ತುರಿಕೆ! ತುರಿಕೆಗೆ ಬೋಳಿಸ್ಕೊಂಡೆ!” ಅರ್ಗಿರಿಸ್ ಮೇಜು ಗುದ್ದಿದ. “ಡಾಕ್ಟ್ರೇ, ಇವಳ ಮಾತು ನಂಬ್ಬೇಡಿ. ಹುಟ್ಟಿದಾಗಿಂದ ನೋಡ್ತಿದೀನಿ, ತನ್ನ ವಯಸ್ಸನ್ನೂ ಸೇರಿಸಿ ಒಂದನ್ನೂ ನಿಜ ಹೇಳಿದೋಳಲ್ಲ! ನಾನು ಪೂರ್ತಿ ಹಾಳಾಗಿದೀನಿ! ಮೊದಲಿಗಿಂತ ಹಾಳಾಗಿದೀನಿ!”

ಬಂದರಿನ ಆ ತುದಿಯ ಗಿರಾಕಿಯನ್ನು ಈ ತುದಿಗೆ ಕರೆಯುತ್ತಿದ್ದ ಗಂಟಲದು. ಹೊರಗೆ ಕಾಯುತ್ತಿದ್ದವರು ಬಾಗಿಲ ಸಂದಿಗೆ ಮುಗಿಬಿದ್ದರು. ಡಾಕ್ಟರ್ ಪೆನ್ನು ಕೆಳಗಿಟ್ಟು, ಹಾಳಾದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಅರ್ಗಿರಿಸ್‌ಗೂ ತನ್ನ ದನಿ ಕೇಳಿಸಿತು. ಮೆಲ್ಲಗೆ ಕುಳಿತ.

“ಹೇಳಿದ್ರೆ ಹೋಗ್ಬಿಡುತ್ತೆ ಅಕ್ಕ,” ಎಂದ ನೆಲ ನೋಡುತ್ತ. “ಒಂಚೂರು ಬಂದಿದೆ. ಅದೂ ಹೋದ್ರೆ?”

“ಹೇಳ್ದೆ ಇದ್ರೂ ಹೋಗುತ್ತಲ್ಲೋ, ಮಂಕೇ. ಇವ್ರು ಸೋಮವಾರದಿಂದ ನಿಲ್ಲಿಸ್ತಾರಂತೆ.”



“ಹಾಗಾದ್ರೆ ಏನಂತ ಬರ್ಕೊಳ್ಲಿ?” ಎಂದರು ಡಾಕ್ಟರ್.

ಅರ್ಗಿರಿಸ್ ಅಂಗಿಯ ಮೇಲಿಂದಲೇ ಮಣಿಯನ್ನು ಮುಟ್ಟಿಕೊಂಡ. ಯಾರ ಕಣ್ಣಿಗೂ ಬೀಳದಷ್ಟು ಚಿಕ್ಕ ಮಾತು ಬೇಕಿತ್ತು.

“‘ಅಷ್ಟೇನೂ ಗುಣ ಆಗಿಲ್ಲ’ ಅಂತ ಬರ್ಕೊಳ್ಳಿ.”

ಡಾಕ್ಟರ್ ಹಾಗೆಯೇ ಬರೆದುಕೊಂಡರು. ಸೋಮವಾರ ಚಿಕಿತ್ಸೆ ಮುಂದುವರಿಯಿತು.